ದೀಕ್ಷೆಯ ರೂಪಕ ಮತ್ತು ಮೊದಲ ವರ್ಷದ ವಿದ್ಯಾರ್ಥಿ: ಟಿಂಟೊ ಸಿದ್ಧಾಂತದ ಗಡಿನಾಡ ಓದು

ಗಡಿನಾಡ ಕನ್ನಡಿಗರ ಶಿಕ್ಷಣವನ್ನು ಕುರಿತ ಬರವಣಿಗೆ ಬಹುಮಟ್ಟಿಗೆ ಶಾಲೆಯನ್ನು ಕುರಿತ ಬರವಣಿಗೆ. ಕನ್ನಡ ಮಾಧ್ಯಮದ ತರಗತಿಗಳಲ್ಲಿ ಮಕ್ಕಳು ಕಡಿಮೆಯಾಗುವುದು, ಕನ್ನಡ ಬಾರದ ಅಧ್ಯಾಪಕರು ಕನ್ನಡ ಮಾಧ್ಯಮಕ್ಕೆ ನೇಮಕಗೊಳ್ಳುವುದು, ಪಠ್ಯಪುಸ್ತಕ ತಡವಾಗಿ ಕೈಸೇರುವುದು: ಕಾಸರಗೋಡಿನಿಂದ ಜತ್ತದವರೆಗೆ ಮನವಿಪತ್ರಗಳ ಒಕ್ಕಣೆ ಹೆಚ್ಚುಕಡಿಮೆ ಒಂದೇ. ಇದಕ್ಕೆ ಕಾನೂನಿನ ಕಾರಣವೂ ಇದೆ. 1956ರ ಏಳನೆಯ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಯುವ ಸೌಕರ್ಯ ಒದಗಿಸಬೇಕೆಂದು ಹೇಳುವುದು ಪ್ರಾಥಮಿಕ ಹಂತವನ್ನು ಕುರಿತು ಮಾತ್ರ. ಕಾನೂನು ಎಳೆದ ಗೆರೆಯ ಆಸುಪಾಸಿನಲ್ಲೇ ಹೋರಾಟವೂ ಸಂಶೋಧನೆಯೂ ನಿಂತಿವೆ. ಶಾಲೆಯನ್ನು ಕನ್ನಡದಲ್ಲಿ ಮುಗಿಸಿ ಕಾಲೇಜಿನ ಮೆಟ್ಟಿಲು ಹತ್ತಿದ ವಿದ್ಯಾರ್ಥಿ ಅಲ್ಲಿಗೆ ಚರ್ಚೆಯಿಂದ ಮರೆಯಾಗುತ್ತಾನೆ.

ಹಾಗೆ ಸೇರಿದವನು ಮೊದಲ ವರ್ಷದಲ್ಲೇ ಕಾಲೇಜು ಬಿಟ್ಟರೆ ಅವನು ಲೆಕ್ಕದಿಂದಲೂ ಮರೆಯಾಗುತ್ತಾನೆ. 2021-22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಉನ್ನತ ಶಿಕ್ಷಣಕ್ಕೆ ದಾಖಲಾದವರು ಸುಮಾರು 4.33 ಕೋಟಿ; ಒಟ್ಟು ದಾಖಲಾತಿ ಅನುಪಾತ 28.4. ಹೆಣ್ಣು ಗಂಡು, ಪರಿಶಿಷ್ಟ ಜಾತಿ ಮತ್ತು ಪಂಗಡ, ಇತರ ಹಿಂದುಳಿದ ವರ್ಗ, ಮತೀಯ ಅಲ್ಪಸಂಖ್ಯಾತರು ಎಂಬ ವಿಂಗಡಣೆಗಳು ಅದರಲ್ಲಿವೆ. ಮನೆಮಾತಿನ ವಿಂಗಡಣೆ ಇಲ್ಲ. ಆದ್ದರಿಂದ ಭಾಷೆಯ ಕಾರಣಕ್ಕೆ ತರಗತಿಯಿಂದ ಹೊರಬಿದ್ದವನು ಬಡತನ, ಮದುವೆ, ದುಡಿಮೆ ಅಥವಾ 'ಓದು ಹತ್ತಲಿಲ್ಲ' ಎಂಬ ಯಾವುದೋ ಒಂದು ಕಾರಣದ ಕೆಳಗೆ ಸೇರಿಹೋಗುತ್ತಾನೆ.

ವಿದ್ಯಾರ್ಥಿಗಳು ಏಕೆ ಬಿಡುತ್ತಾರೆ, ಅವರನ್ನು ಉಳಿಸಿಕೊಳ್ಳಲು ಸಂಸ್ಥೆ ಏನು ಮಾಡಬೇಕು ಎಂಬ ಪ್ರಶ್ನೆಗೆ ಅರ್ಧ ಶತಮಾನದಿಂದ ಅತಿ ಹೆಚ್ಚು ಪ್ರಭಾವ ಬೀರಿದ ಉತ್ತರ ಅಮೆರಿಕದ ಸಮಾಜಶಾಸ್ತ್ರಜ್ಞ ವಿನ್ಸೆಂಟ್ ಟಿಂಟೊ ಅವರದು. 1975ರ ಲೇಖನವೊಂದರಲ್ಲಿ ರೂಪುಗೊಂಡು, 1987ರಲ್ಲಿ 'ಲೀವಿಂಗ್ ಕಾಲೇಜ್' ಎಂಬ ಗ್ರಂಥವಾಗಿ ಬೆಳೆದು, 1993ರಲ್ಲಿ ಪರಿಷ್ಕೃತಗೊಂಡ ಈ ಸಿದ್ಧಾಂತದ ನೆರಳು ಇಂದು ಭಾರತದ ಕಾಲೇಜುಗಳ ಮೇಲೂ ಬಿದ್ದಿದೆ. ಅದನ್ನು ಗಡಿಯ ಕಡೆಯಿಂದ ಓದಿದಾಗ ಅದರ ಬೆಲೆಯೂ ಕೊರತೆಯೂ ಒಟ್ಟಿಗೆ ಕಾಣುತ್ತವೆ.

ಸಿದ್ಧಾಂತದ ಗಳಿಕೆ

ಟಿಂಟೊ ಅವರಿಗಿಂತ ಮೊದಲು ಕಾಲೇಜು ಬಿಡುವಿಕೆಯ ವಿವರಣೆಗಳು ಬಹುತೇಕ ವಿದ್ಯಾರ್ಥಿಯ ಕೊರತೆಯ ವಿವರಣೆಗಳಾಗಿದ್ದವು. ಬುದ್ಧಿ ಸಾಲದು, ಛಲ ಸಾಲದು, ಶಿಸ್ತು ಸಾಲದು ಎಂದು ಹೇಳಿದರೆ ಸಂಸ್ಥೆಯ ಕೆಲಸ ಮುಗಿಯುತ್ತಿತ್ತು. 1970ರಲ್ಲಿ ವಿಲಿಯಂ ಸ್ಪೇಡಿ ಮೊದಲಿಗೆ ಈ ನೋಟವನ್ನು ಬದಲಿಸಿದರು. ಎಮಿಲ್ ಡರ್ಖೈಮ್ 1897ರಲ್ಲಿ ಆತ್ಮಹತ್ಯೆಯನ್ನು ಕುರಿತು ಬರೆದ ಗ್ರಂಥದಲ್ಲಿ, ಸಮಾಜದೊಡನೆ ವ್ಯಕ್ತಿಯ ಹೆಣಿಗೆ ಸಡಿಲವಾಗುವುದನ್ನು ಮುಖ್ಯ ಕಾರಣಗಳಲ್ಲೊಂದಾಗಿ ಗುರುತಿಸಿದ್ದ. ಸ್ಪೇಡಿ ಅದೇ ತರ್ಕವನ್ನು ಕಾಲೇಜಿಗೆ ತಂದರು. ಟಿಂಟೊ ಅದನ್ನು ವಿಸ್ತರಿಸಿದರು. ವಿದ್ಯಾರ್ಥಿ ತನ್ನ ಹಿನ್ನೆಲೆ, ಗುರಿ, ನಿಷ್ಠೆಗಳೊಡನೆ ಬರುತ್ತಾನೆ. ಬಂದ ಮೇಲೆ ಓದಿನ ಬದುಕಿನೊಡನೆಯೂ ಸಹಪಾಠಿ ಅಧ್ಯಾಪಕರ ಬದುಕಿನೊಡನೆಯೂ ಅವನ ಬೆರೆಯುವಿಕೆ ಎಷ್ಟರಮಟ್ಟಿಗೆ ನಡೆಯುತ್ತದೆ ಎಂಬುದರ ಮೇಲೆ ಅವನು ಉಳಿಯುವುದು, ಬಿಡುವುದು ನಿರ್ಧಾರವಾಗುತ್ತದೆ.

ಈ ವಿವರಣೆಯ ಬಲ ಸಣ್ಣದಲ್ಲ. ಕಾಲೇಜು ಬಿಡುವುದು ಒಬ್ಬ ವ್ಯಕ್ತಿಯ ಗುಣವಲ್ಲ, ಇಬ್ಬರ ನಡುವಿನ ಸಂಬಂಧದಲ್ಲಿ ಬಿದ್ದ ಬಿರುಕು ಎಂದು ಅದು ತೋರಿಸಿತು. ಅನುತ್ತೀರ್ಣನಾಗಿ ಹೊರಹಾಕಿಸಿಕೊಳ್ಳುವವರಿಗಿಂತ, ತೇರ್ಗಡೆಯಾಗಬಲ್ಲವರಾಗಿದ್ದೂ ತಾವಾಗಿ ಬಿಟ್ಟುಹೋಗುವವರು ಅಮೆರಿಕದಲ್ಲಿ ಹೆಚ್ಚು ಎಂಬುದನ್ನು ಎತ್ತಿ ಹೇಳಿತು. ಒಂದು ಕಾಲೇಜನ್ನು ಬಿಟ್ಟು ಇನ್ನೊಂದಕ್ಕೆ ಹೋಗುವುದು, ಕೆಲಕಾಲ ನಿಲ್ಲಿಸಿ ಮರಳುವುದು, ಉನ್ನತ ಶಿಕ್ಷಣವನ್ನೇ ತೊರೆಯುವುದು ಇವುಗಳ ನಡುವಿನ ಭೇದವನ್ನು ಕಲಿಸಿತು. ಬಿಡುವ ನಿರ್ಧಾರದ ಬೀಜ ಮೊದಲ ವರ್ಷದಲ್ಲಿ, ಅದರಲ್ಲೂ ಮೊದಲ ವಾರಗಳಲ್ಲಿ ಬೀಳುತ್ತದೆ ಎಂದು ಎಚ್ಚರಿಸಿತು. ಹೊಸಬರಿಗಾಗಿ ವಿಶೇಷ ತರಗತಿ ನಡೆಸುವ ಪದ್ಧತಿ ದಕ್ಷಿಣ ಕ್ಯಾರೊಲೈನ ವಿಶ್ವವಿದ್ಯಾಲಯದಲ್ಲಿ 1972ರಷ್ಟು ಹಿಂದೆಯೇ ಆರಂಭವಾಗಿತ್ತು. ಅಂಥ ಪ್ರಯತ್ನಗಳಿಗೆ ಒಂದು ಶಾಸ್ತ್ರದ ಬೆನ್ನೆಲುಬು ಸಿಕ್ಕಿದ್ದು ಟಿಂಟೊ ಅವರಿಂದ.

ತೊಡಕು ಇರುವುದು ಬೆರೆಯುವಿಕೆಯನ್ನು ವಿವರಿಸಲು ಅವರು ಆರಿಸಿಕೊಂಡ ರೂಪಕದಲ್ಲಿ.

ಯಾರ ಸಂಸ್ಕಾರ, ಯಾರಿಗೆ ದೀಕ್ಷೆ?

ಆರ್ನಾಲ್ಡ್ ವ್ಯಾನ್ ಜೆನೆಪ್ 1909ರಲ್ಲಿ ಬದುಕಿನ ಘಟ್ಟಗಳನ್ನು ದಾಟಿಸುವ ಸಂಸ್ಕಾರಗಳಲ್ಲಿ ಮೂರು ಹಂತಗಳನ್ನು ಗುರುತಿಸಿದ: ಹಳೆಯ ನೆಲೆಯಿಂದ ಬೇರ್ಪಡುವುದು, ನಡುವಣ ಸ್ಥಿತ್ಯಂತರ, ಹೊಸ ನೆಲೆಯಲ್ಲಿ ಸೇರ್ಪಡೆ. ಟಿಂಟೊ ಈ ಮೂರನ್ನು ಮೊದಲ ವರ್ಷದ ವಿದ್ಯಾರ್ಥಿಗೆ ಅನ್ವಯಿಸಿದರು. ಮನೆ, ಊರು, ಹಳೆಯ ಗೆಳೆತನಗಳಿಂದ ಒಂದು ಮಟ್ಟಿಗೆ ಬಿಡಿಸಿಕೊಂಡವನು ಕಾಲೇಜಿನ ಸಮುದಾಯದಲ್ಲಿ ನೆಲೆಗೊಳ್ಳುತ್ತಾನೆ, ಬಿಡಿಸಿಕೊಳ್ಳಲಾರದವನು ಜಾರುತ್ತಾನೆ.

ವಿಲಿಯಂ ಟಿಯರ್ನಿ 1992ರಲ್ಲಿ ಎತ್ತಿದ ಆಕ್ಷೇಪ ಈ ರೂಪಕದ ಬುಡಕ್ಕೇ ಕೈಹಾಕುತ್ತದೆ. ವ್ಯಾನ್ ಜೆನೆಪ್ ವಿವರಿಸಿದ ಸಂಸ್ಕಾರ ಒಂದೇ ಸಂಸ್ಕೃತಿಯ ಒಳಗಿನದು. ಅಲ್ಲಿ ಮಗ ದಾಟುವುದು ತಂದೆ ದಾಟಿದ ಹೊಳೆಯನ್ನೇ. ಅದನ್ನು ಬೇಡವೆನ್ನುವ ಆಯ್ಕೆ ಅಲ್ಲಿಲ್ಲ, ಅದರಲ್ಲಿ ಸೋತು ಹೊರಬೀಳುವವರ ಒಂದು ವರ್ಗವೂ ಇಲ್ಲ. ಅಮೆರಿಕದ ಮೂಲನಿವಾಸಿ ಸಮುದಾಯದ ಯುವಕನೊಬ್ಬ ಬಿಳಿಯರು ಕಟ್ಟಿದ ಕಾಲೇಜಿಗೆ ಬಂದಾಗ ನಡೆಯುವುದು ಬೇರೆ. ಒಂದು ಸಂಸ್ಕೃತಿಯವನನ್ನು ಇನ್ನೊಂದು ಸಂಸ್ಕೃತಿಯ ಸಂಸ್ಕಾರಕ್ಕೆ ಕೂರಿಸಲಾಗುತ್ತದೆ. ಅದು ಫಲಿಸದಿದ್ದರೆ ಅವನು ಬೆರೆಯಲಿಲ್ಲ ಎಂಬ ತೀರ್ಪು ಬರುತ್ತದೆ. ಹೀಗೆ, ವಿದ್ಯಾರ್ಥಿಯ ಮೇಲಿನ ಹೊರೆಯನ್ನು ಇಳಿಸಲು ಹೊರಟ ಸಿದ್ಧಾಂತ ಹಿಂಬಾಗಿಲಿನಿಂದ ಅದನ್ನು ಅವನ ಹೆಗಲಿಗೇ ಮರಳಿಸುತ್ತದೆ.

ಭಾರತದ ಸಂದರ್ಭದಲ್ಲಿ ಈ ಆಕ್ಷೇಪಕ್ಕೆ ಹೊಸ ಅರ್ಥ ಬರುತ್ತದೆ. ವಿಶ್ವವಿದ್ಯಾಲಯ ಅನುದಾನ ಆಯೋಗ 2019ರಲ್ಲಿ ಹೊಸ ವಿದ್ಯಾರ್ಥಿಗಳ ಸ್ವಾಗತ ಕಾರ್ಯಕ್ರಮಕ್ಕಾಗಿ ಹೊರತಂದ ಮಾರ್ಗದರ್ಶಿಯ ಹೆಸರೇ 'ದೀಕ್ಷಾರಂಭ'. ಸಹಪಾಠಿಗಳ ಪರಿಚಯ, ಸಂಸ್ಥೆಯೊಡನೆ ಒಡನಾಟ, ನಿಯಮಗಳ ತಿಳಿವಳಿಕೆ, ಕಲಿಕೆಯ ಅನುಭವ ಎಂಬ ನಾಲ್ಕು ಅಂಗಗಳು ಅದಕ್ಕಿವೆ. ಉದ್ದೇಶದಲ್ಲಿ ತಪ್ಪು ಹುಡುಕಬೇಕಾಗಿಲ್ಲ. ಆದರೆ ವ್ಯಾನ್ ಜೆನೆಪ್‌ನಿಂದ ಟಿಂಟೊ ಪಡೆದ ಸಂಸ್ಕಾರದ ರೂಪಕ ಇಲ್ಲಿ ರೂಪಕವಾಗಿಯೂ ಉಳಿಯದೆ ಸರಕಾರಿ ಹೆಸರೇ ಆಗಿಬಿಟ್ಟಿದೆ. ಕನ್ನಡದ ಅನುಭವದಲ್ಲಿ ದೀಕ್ಷೆ ಎಂದರೆ ಪಡೆಯುವವನ ಮೇಲಷ್ಟೇ ಅಲ್ಲ, ಕೊಡುವವನ ಮೇಲೂ ಬೀಳುವ ಕಟ್ಟು. ಗುರುವಾದವನು ಶಿಷ್ಯನ ಹೊಣೆ ಹೊತ್ತುಕೊಳ್ಳುತ್ತಾನೆ. ಕಾಲೇಜಿನ ದೀಕ್ಷಾರಂಭದಲ್ಲಿ ಈ ಎರಡನೆಯ ಕಟ್ಟು ಎಲ್ಲಿದೆ? ಸಭಾಂಗಣದ ಭಾಷಣ, ಗ್ರಂಥಾಲಯದ ಭೇಟಿ, ರ್‍ಯಾಗಿಂಗ್ ವಿರೋಧಿ ಪ್ರತಿಜ್ಞೆಗಳು ಮುಗಿದು ಪಾಠ ಶುರುವಾದ ಮೇಲೆ, ಎರಡನೆಯ ತಿಂಗಳಲ್ಲಿ ಹಿಂದಿನ ಬೆಂಚಿನಿಂದ ಒಬ್ಬ ಕಾಣೆಯಾದರೆ ಯಾರು ಕೇಳಬೇಕು ಎಂಬುದನ್ನು ಆರಂಭೋತ್ಸವ ತೀರ್ಮಾನಿಸಲಾರದು.

ಬೇರ್ಪಡುವಿಕೆಯ ಹಂತವಂತೂ ಗಡಿನಾಡ ವಿದ್ಯಾರ್ಥಿಯ ಮಟ್ಟಿಗೆ ತಲೆಕೆಳಗಾಗಿದೆ. ಅವನ ಸಮುದಾಯ ಎಲ್ಲಿಂದಲೋ ಬಂದದ್ದಲ್ಲ. 1956ರಲ್ಲಿ ಗೆರೆ ಸರಿದಾಗ ಜನ ಇದ್ದಲ್ಲೇ ಇದ್ದರು, ಕಚೇರಿಯ ಭಾಷೆ ಬೇರೆಯಾಯಿತು. ಮಂಜೇಶ್ವರದ ಹುಡುಗಿ ಕಾಲೇಜಿನಿಂದ ಸಂಜೆ ಬಸ್ಸು ಹಿಡಿದು ಮನೆಗೇ ಮರಳುತ್ತಾಳೆ. ಅಕ್ಕಲಕೋಟೆಯ ಹಳ್ಳಿಯವನು ಸೊಲ್ಲಾಪುರಕ್ಕೆ ಹೋಗಿ ಅದೇ ದಿನ ಹಿಂದಿರುಗುತ್ತಾನೆ. ಇವರು ಮನೆಯಿಂದ ಬೇರ್ಪಟ್ಟಿಲ್ಲ. ತರಗತಿಯ ಮಾತಿನಿಂದ ಬೇರ್ಪಟ್ಟಿದ್ದಾರೆ. ಹಾಸ್ಟೆಲಿನಲ್ಲಿದ್ದು ಓದುವ ವಿದ್ಯಾರ್ಥಿಯನ್ನು ಮಾದರಿಯಾಗಿಟ್ಟ ಸಿದ್ಧಾಂತ ದಿನವೂ ಓಡಾಡುವವನಿಗೆ ಸಲ್ಲದೆಂಬುದನ್ನು ಅಮೆರಿಕದವರೂ ಕಂಡುಕೊಂಡರು. ಜಾನ್ ಬ್ರಾಕ್ಸ್‌ಟನ್ ಮತ್ತು ಸಂಗಡಿಗರು 2004ರಲ್ಲಿ ಅಂಥವರಿಗಾಗಿ ಪ್ರತ್ಯೇಕ ವಿವರಣೆಯನ್ನೇ ಕಟ್ಟಿದರು. ಟಿಂಟೊ ಕೂಡ ಮುಂದೆ ತಮ್ಮ ನಿಲುವನ್ನು ಸಡಿಲಿಸಿ, ಹಲವರಿಗೆ ಊರಿನ ನಂಟೇ ಓದಿನಲ್ಲಿ ಉಳಿಯಲು ಆಸರೆಯಾಗುತ್ತದೆಂದು ಒಪ್ಪಿದರು. 2012ರ ಗ್ರಂಥದಲ್ಲಿ ಅವರು ನಿರೀಕ್ಷೆ, ಬೆಂಬಲ, ಮೌಲ್ಯಮಾಪನ, ತೊಡಗುವಿಕೆ ಎಂಬ ನಾಲ್ಕು ಸ್ಥಿತಿಗಳನ್ನು ಮುಂದಿಟ್ಟು, ತರಗತಿಯನ್ನೇ ಕೇಂದ್ರಕ್ಕೆ ತಂದರು. ತಮ್ಮ ಸಿದ್ಧಾಂತವನ್ನು ತಾವೇ ತಿದ್ದಿಕೊಂಡ ಈ ಪ್ರಾಮಾಣಿಕತೆ ಮೆಚ್ಚತಕ್ಕದ್ದು. ಆದರೂ ತಿದ್ದಿದ ಪಾಠದಲ್ಲಿಯೂ ಒಂದು ಅಂಶ ತೆರಪಾಗಿಯೇ ಉಳಿದಿದೆ: ಬೆಂಬಲ ಯಾವ ಭಾಷೆಯಲ್ಲಿ ಸಿಗುತ್ತದೆ ಎಂಬುದು.

ವಿವರಣೆಯ ಭಾಷೆ

ಗಡಿ ಪ್ರದೇಶದ ಪದವಿ ತರಗತಿಯಲ್ಲಿ ಸಾಮಾನ್ಯವಾಗಿ ಮೂರು ಭಾಷೆಗಳು ಕೆಲಸ ಮಾಡುತ್ತವೆ. ಪುಸ್ತಕ, ಟಿಪ್ಪಣಿ, ಪ್ರಶ್ನೆಪತ್ರಿಕೆಗಳ ಭಾಷೆ ಬಹಳ ಕಡೆ ಇಂಗ್ಲಿಷ್. ವಿದ್ಯಾರ್ಥಿಯ ಮನೆಯ ಭಾಷೆ ಕನ್ನಡ, ಕೆಲವೊಮ್ಮೆ ಅದರೊಳಗೆ ತುಳು, ಹವ್ಯಕ, ಬಡಗ ಮುಂತಾದ ಇನ್ನೊಂದು ಮಾತು. ಇವೆರಡರ ನಡುವೆ ಯಾವ ನಿಯಮಾವಳಿಯಲ್ಲಿಯೂ ನಮೂದಾಗದ ಮೂರನೆಯದೊಂದು ಇರುತ್ತದೆ: ವಿವರಣೆಯ ಭಾಷೆ. ಇಂಗ್ಲಿಷ್ ವಾಕ್ಯವೊಂದನ್ನು ಓದಿದ ಅಧ್ಯಾಪಕರು, ತರಗತಿಯ ಕಣ್ಣುಗಳಲ್ಲಿ ಅದು ಇಳಿಯಲಿಲ್ಲವೆಂದು ಕಂಡಾಗ, ತಟ್ಟನೆ ಮಲಯಾಳಕ್ಕೋ ತಮಿಳಿಗೋ ಮರಾಠಿಗೋ ತೆಲುಗಿಗೋ ಹೊರಳುತ್ತಾರೆ. ಒಂದು ಉದಾಹರಣೆ, ಒಂದು ಗಾದೆ, ಒಂದು ನಗೆಮಾತು, ವಿಷಯ ಇಳಿಯುತ್ತದೆ. ಮೊದಲ ವರ್ಷದ ವಿದ್ಯಾರ್ಥಿಗೆ ಸಿಗುವ ಅತ್ಯಂತ ಬೆಲೆಯುಳ್ಳ ಬೆಂಬಲ ಇದೇ. ಅದು ಪ್ರತಿದಿನ, ಪ್ರತಿ ಗಂಟೆ, ಹಣದ ಖರ್ಚಿಲ್ಲದೆ ನಡೆಯುತ್ತದೆ. ಆದರೆ ಅದು ಒಂದೇ ಭಾಷೆಯಲ್ಲಿ ನಡೆಯುತ್ತದೆ.

ಗಡಿನಾಡ ವಿದ್ಯಾರ್ಥಿಗೆ ಬೆಂಬಲವಿಲ್ಲ ಎನ್ನುವುದು ಆದ್ದರಿಂದ ಅರ್ಧ ಸತ್ಯ. ಬೆಂಬಲವಿದೆ, ಅದು ಅವನ ಪಕ್ಕದವನಿಗೆ ಸಿಗುತ್ತದೆ, ಅವನ ಕಣ್ಣೆದುರಿಗೇ ಸಿಗುತ್ತದೆ. ತರಗತಿ ನಕ್ಕಾಗ ಅವನು ನಗುವುದಿಲ್ಲ, ಅಥವಾ ಒಂದು ಕ್ಷಣ ತಡವಾಗಿ ನಗುತ್ತಾನೆ. ಅರ್ಥವಾಗಲಿಲ್ಲವೆಂದು ಹೇಳಲು ಎದ್ದು ನಿಂತರೆ ಯಾವ ಭಾಷೆಯಲ್ಲಿ ಹೇಳಬೇಕೆಂಬ ಪ್ರಶ್ನೆ. ಅವನ ಮೌನವನ್ನು ಆಸಕ್ತಿಯಿಲ್ಲದಿರುವಿಕೆ ಎಂದೋ ದಡ್ಡತನವೆಂದೋ ಓದುವುದು ಸುಲಭ. ಟಿಂಟೊ ಅವರ ಪರಿಭಾಷೆಯಲ್ಲಿ ಇದು ಬೆರೆಯುವಿಕೆಯ ಕೊರತೆ. ಆದರೆ ಬೆರೆಯಲು ಬೇಕಾದ ದ್ರವ್ಯವನ್ನೇ ಅವನಿಗೆ ಎರೆದಿಲ್ಲ.

'ಅಷ್ಟು ವರ್ಷ ಆ ರಾಜ್ಯದಲ್ಲಿದ್ದೂ ಅಲ್ಲಿಯ ಭಾಷೆ ಬಾರದೆ?' ಎಂಬ ಎದುರುಪ್ರಶ್ನೆ ಸಹಜ. ಅದಕ್ಕೆ ಉತ್ತರ ಜಿಮ್ ಕಮಿನ್ಸ್ 1979ರಲ್ಲಿ ತೋರಿದ ಭೇದದಲ್ಲಿದೆ: ದಿನಬಳಕೆಯ ಮಾತಿನ ಸಾಮರ್ಥ್ಯ ಬೇರೆ, ಪಾಠದ ಭಾಷೆಯ ಸಾಮರ್ಥ್ಯ ಬೇರೆ. ಆದೋನಿ, ರಾಯದುರ್ಗ, ಮಡಕಶಿರಾಗಳ ಕನ್ನಡಿಗರಲ್ಲಿ ಸಂತೆಯಲ್ಲಿ ಸರಾಗವಾಗಿ ತೆಲುಗು ಆಡುವವರು ಹಲವರು. ಆದರೆ ಬೆಲೆ ಕೇಳುವ ತೆಲುಗು ಅರ್ಥಶಾಸ್ತ್ರದ ಬೆಲೆ ಸಿದ್ಧಾಂತವನ್ನು ಹಿಡಿಯಲು ಸಾಲದು. ತಮಿಳುನಾಡಿನ 2006ರ ಕಾಯ್ದೆ ತಮಿಳನ್ನು ಶಾಲೆಗಳಲ್ಲಿ ಒಂದನೆಯ ತರಗತಿಯಿಂದ ಹಂತಹಂತವಾಗಿ ಕಡ್ಡಾಯಗೊಳಿಸಿತು. ಹೊಸೂರು, ತಾಳವಾಡಿಗಳಲ್ಲಿ ಹಾಗೆ ಓದಿದವನಿಗೆ ತಮಿಳು ಲಿಪಿ ಪರಿಚಿತ. ಭಾಷೆಯೊಂದನ್ನು ವಿಷಯವಾಗಿ ಓದುವುದಕ್ಕೂ ಆ ಭಾಷೆಯ ಮೂಲಕ ಭೌತಶಾಸ್ತ್ರ ತಿಳಿಯುವುದಕ್ಕೂ ಇರುವ ಅಂತರ ಮಾತ್ರ ಹಾಗೆಯೇ ಉಳಿದಿದೆ. ಗಡಿಯ ಒಂದೊಂದು ಪ್ರದೇಶದ ತೊಡಕು ಒಂದೊಂದು ಬಗೆಯದು. ಎಲ್ಲಕ್ಕೂ ಒಂದೇ ಮದ್ದು ಸಲ್ಲದು.

ಮನ್ನಣೆ ಮತ್ತು ಅದರ ಮಿತಿ

ಟಿಂಟೊ ಅವರ ಕೊರತೆಯನ್ನು ತುಂಬಲು ಹೊರಟ ಚಿಂತನೆಗಳಲ್ಲಿ ಗಡಿನಾಡಿಗೆ ಹತ್ತಿರವಾದದ್ದು ಲಾರಾ ರೆಂಡೋನ್ ಅವರದು. ಆ ಹತ್ತಿರ ಆಕಸ್ಮಿಕವಲ್ಲ. ಅವರು ಹುಟ್ಟಿದ್ದು ಟೆಕ್ಸಾಸಿನ ಲರೇಡೊದಲ್ಲಿ, ರಿಯೊ ಗ್ರಾಂಡೆ ನದಿಯ ಆಚೆ ಮೆಕ್ಸಿಕೊ ಕಾಣುವ ಗಡಿಪಟ್ಟಣದಲ್ಲಿ. 1994ರ ಲೇಖನದಲ್ಲಿ ಅವರು ಮಂಡಿಸಿದ ಪರಿಕಲ್ಪನೆಯನ್ನು ಕನ್ನಡದಲ್ಲಿ 'ಮನ್ನಣೆ' ಎನ್ನಬಹುದು. ಕಾಲೇಜು ತನ್ನದಲ್ಲವೆಂಬ ಅಳುಕಿನಿಂದ ಬಂದವನು ತಾನಾಗಿ ಹೋಗಿ ಬೆರೆಯಲಿ ಎಂದು ಕಾಯುವುದು ವ್ಯರ್ಥ. ಮೊದಲ ಹೆಜ್ಜೆಯನ್ನು ಅಧ್ಯಾಪಕರೂ ಸಂಸ್ಥೆಯೂ ಇಡಬೇಕು. ಅದೂ ಆರಂಭದ ವಾರಗಳಲ್ಲೇ. ಅವನ ಬುದ್ಧಿಗೆ ಮನ್ನಣೆ, ಅವನ ಬಾಳಿಗೆ ಮನ್ನಣೆ, ಎರಡೂ ಬೇಕು. ದೀಕ್ಷೆಯಲ್ಲಿ ಕಾಣೆಯಾಗಿದ್ದ ಕೊಡುವವನ ಹೊಣೆ ಇಲ್ಲಿ ಮರಳಿ ಬರುತ್ತದೆ.

ಆದರೆ ಮನ್ನಣೆ ಬರೀ ಅಕ್ಕರೆಯ ಮಾತಾಗಿ ಉಳಿಯುವ ಅಪಾಯವೂ ಇದೆ. ಕನ್ನಡ ಸಂಘದ ಉದ್ಘಾಟನೆ, ನವೆಂಬರಿನ ರಾಜ್ಯೋತ್ಸವ, ಯಕ್ಷಗಾನದ ಒಂದು ಸಂಜೆ ಇವು ವಿದ್ಯಾರ್ಥಿಗೆ ತಾನು ಒಂಟಿಯಲ್ಲವೆಂಬ ಧೈರ್ಯ ಕೊಡುತ್ತವೆ. ಮರುದಿನದ ಲೆಕ್ಕಶಾಸ್ತ್ರದ ಪಾಠವನ್ನು ತಿಳಿಸಿಕೊಡುವುದಿಲ್ಲ. ಗಡಿನಾಡಿನ ಸ್ವಂತ ಚಿಂತನೆಯೂ ಇಲ್ಲಿ ವಿಮರ್ಶೆಗೆ ಒಳಗಾಗಬೇಕು. ರಾಜ್ಯಭಾಷೆಯ ಹೇರಿಕೆಯನ್ನು ಎದುರಿಸುವ ನ್ಯಾಯವಾದ ಹೋರಾಟ ಕೆಲವೊಮ್ಮೆ ಆ ಭಾಷೆಯ ಕಲಿಕೆಯನ್ನೇ ಸೋಲೆಂದು ಕಾಣುವ ಮನೋಧರ್ಮಕ್ಕೆ ಜಾರಿದೆ. ಅದರ ಬೆಲೆ ತೆರುವವರು ಸಭೆಯಲ್ಲಿ ಭಾಷಣ ಮಾಡಿದವರಲ್ಲ, ಮೊದಲ ಸೆಮಿಸ್ಟರಿನ ತರಗತಿಯಲ್ಲಿ ಕುಳಿತ ಹದಿನೆಂಟರ ಹುಡುಗ ಹುಡುಗಿಯರು. ಹಕ್ಕಾಗಿ ಕೇಳುವ ಕನ್ನಡವೂ ಸಲಕರಣೆಯಾಗಿ ಕಲಿಯುವ ನೆರೆಭಾಷೆಯೂ ಒಂದಕ್ಕೊಂದು ಎರವಲ್ಲ.

ಕರ್ನಾಟಕದ ನೀತಿಗೂ ಇದೇ ಮಾತು ಸಲ್ಲುತ್ತದೆ. ವೃತ್ತಿಪರ ಕೋರ್ಸುಗಳ ಪ್ರವೇಶದಲ್ಲಿ ಗಡಿನಾಡ ಮತ್ತು ಹೊರನಾಡ ಕನ್ನಡಿಗರಿಗೆ ಅವಕಾಶ ಕಲ್ಪಿಸಿರುವುದು ಸರಿ. ಆದರೆ ಪ್ರವೇಶದ ನಿಯಮ ಹೊಸ್ತಿಲಿನವರೆಗೆ ಕರೆತರುತ್ತದೆ, ಅಷ್ಟೆ. ಒಳಗೆ ಬಂದವನು ಮೊದಲ ವರ್ಷವನ್ನು ಹೇಗೆ ಕಳೆದ ಎಂಬುದನ್ನು ಕೇಳುವುದು ಆ ನಿಯಮದ ಕೆಲಸವಲ್ಲ. ಅದು ಬೇರೊಬ್ಬರು ಹೊರಬೇಕಾದ ಹೊಣೆ.

ಉತ್ಸವದಿಂದ ದಿನಚರಿಗೆ

ಬೆಂಬಲವನ್ನು ಉತ್ಸವವಾಗಿ ಅಲ್ಲದೆ ದಿನಚರಿಯಾಗಿ ಕಂಡ ಒಂದು ಪ್ರಯೋಗ ನ್ಯೂಯಾರ್ಕ್ ನಗರ ವಿಶ್ವವಿದ್ಯಾಲಯದ್ದು. ಅದರ ಎರಡು ವರ್ಷದ ಸಮುದಾಯ ಕಾಲೇಜುಗಳಲ್ಲಿ 2007ರಲ್ಲಿ ಆರಂಭವಾದ 'ಅಸಾಪ್' ಎಂಬ ಯೋಜನೆ ವಿದ್ಯಾರ್ಥಿಗೆ ಕೊಟ್ಟದ್ದು ದೊಡ್ಡ ಮಾತುಗಳನ್ನಲ್ಲ: ಮೇಲಿಂದ ಮೇಲೆ ಭೇಟಿಯಾಗುವ ಸಲಹೆಗಾರ, ಶುಲ್ಕದ ಕೊರತೆ ತುಂಬುವ ನೆರವು, ಪಠ್ಯಪುಸ್ತಕ, ಓಡಾಟಕ್ಕೆ ಪ್ರಯಾಣದ ಪಾಸು. ಆ ಪಾಸು ಸಿಗಬೇಕಾದರೆ ಸಲಹೆಗಾರರನ್ನು ಕಾಣುವುದು ಮುಂತಾದ ನಿಯಮಗಳನ್ನು ಪಾಲಿಸಬೇಕಿತ್ತು. ಪ್ರತಿಯಾಗಿ ವಿದ್ಯಾರ್ಥಿ ಪೂರ್ಣಾವಧಿ ಓದಬೇಕಿತ್ತು. ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನಡೆಸಿದ ಪರಿಶೀಲನೆಯಲ್ಲಿ, ಮೂರು ವರ್ಷಗಳ ಕೊನೆಗೆ ಯೋಜನೆಯ ಗುಂಪಿನಲ್ಲಿ ಪದವಿ ಪಡೆದವರು ಶೇಕಡಾ 40, ಉಳಿದವರಲ್ಲಿ ಶೇಕಡಾ 22. ತಲಾ ಖರ್ಚು ಹೆಚ್ಚಾದರೂ, ಮುಗಿದ ಪದವಿಯೊಂದಕ್ಕೆ ತಗುಲಿದ ಖರ್ಚು ಕಡಿಮೆಯೇ ಆಯಿತು.

ಅದನ್ನು ಹಾಗೆಯೇ ಕಿತ್ತು ತಂದು ಗಡಿಯಲ್ಲಿ ನೆಡಲಾಗದು. ಅದರ ಪಾಠ ಮಾತ್ರ ಸ್ಪಷ್ಟ: ಬೆಂಬಲಕ್ಕೆ ರೂಪಕಕ್ಕಿಂತ ವಿವರ ಮುಖ್ಯ. ತಾಳವಾಡಿಯಿಂದ ಸತ್ಯಮಂಗಲದ ಕಡೆಗೆ ಇಳಿಯುವವನಿಗೆ ದಿಂಬಂ ಘಾಟಿಯ 27 ತಿರುವುಗಳೂ, ಹುಲಿ ರಕ್ಷಿತಾರಣ್ಯದ ಹಾದಿಯ ರಾತ್ರಿ ನಿರ್ಬಂಧವೂ ಓದಿನ ಭಾಗವೇ. ಕೊನೆಯ ಬಸ್ಸಿನ ವೇಳೆ ತಿಳಿಯದೆ ಸಂಜೆಯ ಪರಿಹಾರ ಬೋಧನೆ ಇಟ್ಟರೆ ಅದು ಹಾಸ್ಟೆಲಿನವರಿಗಷ್ಟೇ ಬೋಧನೆ.

ಭಾರತದ ಕಾಲೇಜುಗಳಲ್ಲಿ ಇಂಥ ವಿವರಕ್ಕೆ ಚೌಕಟ್ಟು ಇಲ್ಲವೆಂದಲ್ಲ. ರಾಷ್ಟ್ರೀಯ ಮೌಲ್ಯಾಂಕನ ಮತ್ತು ಮಾನ್ಯತಾ ಮಂಡಳಿ ಒಬ್ಬ ಮಾರ್ಗದರ್ಶಕ ಅಧ್ಯಾಪಕರಿಗೆ ಎಷ್ಟು ವಿದ್ಯಾರ್ಥಿಗಳು ಎಂಬ ಅನುಪಾತವನ್ನು ಕೇಳುತ್ತದೆ. ಕಾಲೇಜುಗಳು ಪಟ್ಟಿ ಸಿದ್ಧಪಡಿಸುತ್ತವೆ. ಅನುಪಾತ ಹೇಳದೆ ಬಿಡುವುದು, ಮಾರ್ಗದರ್ಶಕನೂ ವಿದ್ಯಾರ್ಥಿಯೂ ಯಾವ ಭಾಷೆಯಲ್ಲಿ ಮನಬಿಚ್ಚಿ ಮಾತಾಡಬಲ್ಲರು ಎಂಬುದನ್ನು. ಕಾಸರಗೋಡಿನ ಸರಕಾರಿ ಕಾಲೇಜಿನಂತೆ ಕನ್ನಡ ವಿಭಾಗವುಳ್ಳ ಸಂಸ್ಥೆಗಳಲ್ಲಿ, ವಿಜ್ಞಾನ ವಾಣಿಜ್ಯಗಳಿಗೆ ಸೇರಿದ ಕನ್ನಡ ಮಾಧ್ಯಮದವರಿಗೆ ಆ ವಿಭಾಗದವರನ್ನೇ ಮೊದಲ ವರ್ಷದ ಮಾರ್ಗದರ್ಶಕರಾಗಿಸಬಹುದು. ಎರಡನೆಯ, ಮೂರನೆಯ ವರ್ಷದ ಕನ್ನಡಿಗ ವಿದ್ಯಾರ್ಥಿಗಳು ವಾರಕ್ಕೊಂದು ಗಂಟೆ ಆ ವಾರದ ಪಾಠವನ್ನು ಕನ್ನಡದಲ್ಲಿ ವಿವರಿಸಬಹುದು. ಪ್ರತಿ ವಿಷಯದ ಮುಖ್ಯ ಪಾರಿಭಾಷಿಕಗಳ ತ್ರಿಭಾಷಾ ಪಟ್ಟಿ, ಇಂಗ್ಲಿಷ್, ರಾಜ್ಯಭಾಷೆ, ಕನ್ನಡಗಳಲ್ಲಿ, ಮೊದಲ ವಾರವೇ ಕೈಗೆ ಸಿಕ್ಕರೆ ವಿವರಣೆಯ ಭಾಷೆಯ ಬಾಗಿಲು ಅರ್ಧ ತೆರೆದಂತೆ. ಗುರಿ ವಿದ್ಯಾರ್ಥಿಯನ್ನು ಕನ್ನಡದೊಳಗೇ ಕೂರಿಸುವುದಲ್ಲ. ಕನ್ನಡದ ಮೇಲೆ ಕಾಲೂರಿ ಉಳಿದೆರಡು ಭಾಷೆಗಳಿಗೆ ಕೈಚಾಚುವಂತೆ ಮಾಡುವುದು.

ಇದು ತುರ್ತಿನ ಕೆಲಸವೆನ್ನಲು ಇನ್ನೊಂದು ಕಾರಣವಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪದವಿಯ ನಡುವೆ ಹೊರಹೋಗುವ ದಾರಿಗಳನ್ನು ತೆರೆದಿದೆ: ಒಂದು ವರ್ಷ ಮುಗಿಸಿದವನಿಗೆ ಪ್ರಮಾಣಪತ್ರ, ಎರಡು ವರ್ಷಕ್ಕೆ ಡಿಪ್ಲೊಮಾ. ಬದುಕಿನ ಒತ್ತಡದಿಂದ ನಿಲ್ಲಿಸಿ ಮತ್ತೆ ಬರುವವನಿಗೆ ಇದು ಉಪಕಾರಿ. ಆದರೆ ತಾನು ಬಯಸಿ ಹೊರಟವನೂ ಪಾಠ ಅರ್ಥವಾಗದೆ ಹೊರಟವನೂ ಒಂದೇ ಕಾಗದ ಹಿಡಿದು ಹೋಗುತ್ತಾರೆ. ಮೊದಲು 'ಬಿಟ್ಟವನು' ಎಂದಾದರೂ ದಾಖಲಾಗುತ್ತಿದ್ದವನು ಇನ್ನು 'ಒಂದು ಹಂತ ಮುಗಿಸಿದವನು' ಎಂದು ದಾಖಲಾಗಬಹುದು. ಬಿಡುವಿಕೆಯ ಬಗೆಗಳನ್ನು ಬಿಡಿಸಿ ನೋಡಬೇಕೆಂಬ ಟಿಂಟೊ ಅವರ ಮೂಲ ಪಾಠ ಈ ಘಟ್ಟದಲ್ಲಿ ಎಂದಿಗಿಂತ ಹೆಚ್ಚು ಬೇಕಾಗುತ್ತದೆ. ಅವರ ರೂಪಕವನ್ನು ಬಿಟ್ಟು ಅವರ ಪ್ರಶ್ನೆಯನ್ನು ಉಳಿಸಿಕೊಳ್ಳುವುದೇ ಗಡಿನಾಡಿನ ಓದು ಕೊಡಬಹುದಾದ ತೀರ್ಪು.

ಆ ಪ್ರಶ್ನೆಯನ್ನು ಕೇಳಲು ದೊಡ್ಡ ಸಮೀಕ್ಷೆಗಾಗಿ ಕಾಯಬೇಕಾಗಿಲ್ಲ. ಗಡಿಯ ಪ್ರತಿ ಕಾಲೇಜಿನ ಮೊದಲ ವರ್ಷದ ದಾಖಲಾತಿ ಪುಸ್ತಕದಲ್ಲಿ ಮನೆಮಾತು, ಹತ್ತನೆಯ ತರಗತಿಯ ಮಾಧ್ಯಮ ಎಂಬ ಎರಡು ಅಂಕಣ ಹೆಚ್ಚಾದರೆ ಸಾಕು. ಎರಡನೆಯ ಸೆಮಿಸ್ಟರಿನ ಕೊನೆಗೆ ಅದೇ ಪುಸ್ತಕವನ್ನು ತೆರೆದು, ಇಲ್ಲದವರ ಮನೆಗೆ ಒಬ್ಬರು ಹೋಗಿ, ಕನ್ನಡದಲ್ಲಿ, ಏಕೆ ಬಿಟ್ಟೆ ಎಂದು ಕೇಳಬೇಕು. ಗಡಿನಾಡಿನ ಕನ್ನಡ ವಿಭಾಗಗಳೂ ಸಂಘಗಳೂ ಒಂದು ಶೈಕ್ಷಣಿಕ ವರ್ಷದಲ್ಲಿ ಮಾಡಿ ಮುಗಿಸಬಹುದಾದ ಕೆಲಸವಿದು.